ಅತ್ತೆಗೆ ‘ಗಾನ್ ವಿತ್ ದ ವಿಂಡ್’ ತೋರಿಸುವುದು ಹೇಗೆ

ನಾವು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಉತ್ತರದ ಕಡೆ ಇದ್ದೇವೆ. ಬಂದು 17 ವರ್ಷ ಆಯಿತು. ಊರಿಂದ ಯಾರೇ ಬಂದರೂ ಮೊದಲ ದಿನ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಕರಿಬೇವು ಸಿಗುತ್ತಾ? ಚಳಿ ಜಾಸ್ತಿನಾ? ಕೋಕಾ ಕೋಲಾ ಮ್ಯೂಸಿಯಂ ಎಷ್ಟು ದೂರ? ನಮ್ಮತ್ತೆ ಮಾತ್ರ ಏರ್‌ಪೋರ್ಟಿಂದ ಮನೆಗೆ ಬರುವಾಗ ಕಾರಿನಲ್ಲೇ ಕೇಳಿದರು, “ತಾರಾ ಎಲ್ಲಿದೆ?”

ನನ್ನ ಗಂಡ ಯಾರೋ ನೆಂಟರ ಹುಡುಗಿ ಅಂದುಕೊಂಡರು. “ಯಾವ ತಾರಾ ಅಮ್ಮ? ಹಾಸನದ ಶಾಂತತ್ತೆ ಮಗಳಾ?”

ಅತ್ತೆ ಕೇಳಿದ್ದು ‘ಗಾನ್ ವಿತ್ ದ ವಿಂಡ್’ ಕಥೆಯ ನಾಯಕಿ ಸ್ಕಾರ್ಲೆಟ್ ಓಹಾರಾಳ ಮನೆ. ಅವರು ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುತ್ತಿದ್ದವರು, ಈಗ ರಿಟೈರ್ ಆಗಿದ್ದಾರೆ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಹುಡುಗಿಯರೆಲ್ಲ ಒಂದೇ ಪುಸ್ತಕ ಸರದಿಯಲ್ಲಿ ಓದಿದ್ದರಂತೆ. ಇಟ್ಟಿಗೆಯಷ್ಟು ದಪ್ಪ, ಕೈಯಿಂದ ಕೈಗೆ ಹೋಗಿ ಸವೆದದ್ದು. ಇವರ ಸರದಿ ಬರುವ ಹೊತ್ತಿಗೆ ಕೊನೆಯ ಹತ್ತಿಪ್ಪತ್ತು ಹಾಳೆ ಕಿತ್ತುಹೋಗಿತ್ತು. ಮುಂದೆ ಓದಿದ್ದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಆಮೇಲೆ ಮದುವೆ, ಕೆಲಸ, ಮಕ್ಕಳು. ಐವತ್ತು ವರ್ಷದಿಂದ ಆ ಕಥೆಯ ಕೊನೆ ಅವರಿಗೆ ಗೊತ್ತಿಲ್ಲ. ಸಿನಿಮಾನೂ ನೋಡಿರಲಿಲ್ಲ. “ಈ ಸಲ ಅದೊಂದು ಮುಗಿಸಿಬಿಡಬೇಕು” ಅಂದರು, ಮಂಡಿ ಆಪರೇಷನ್ ಬಗ್ಗೆ ಹೇಳುವ ಹಾಗೆ.

ಇತ್ತ ಮನೆಯಲ್ಲಿ ನನ್ನ ಮಗಳು ಸಿರಿ. ಹದಿನಾರು ವರ್ಷ, ಶಾಲೆಯಲ್ಲಿ ಅಮೆರಿಕದ ಚರಿತ್ರೆ ಓದುತ್ತಿದ್ದಾಳೆ. ಸಿನಿಮಾದ ಹೆಸರು ಕೇಳಿದ ತಕ್ಷಣ “ಅಮ್ಮ, ಸೀರಿಯಸ್ಸಾ?” ಅಂದಳು. ಗುಲಾಮಗಿರಿಯನ್ನು ಚೆಂದ ಮಾಡಿ ತೋರಿಸಿದ ಸಿನಿಮಾ ಅಂತ ಅವಳಿಗೆ ಗೊತ್ತು. ಒಬ್ಬರಿಗೆ ಪ್ರೇಮಕಥೆ, ಒಬ್ಬಳಿಗೆ ಅಪರಾಧ. ನಡುವೆ ರಿಮೋಟ್ ಹಿಡಿದುಕೊಂಡು ನಾನು.

ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆಸಿಕೊಂಡಿರುವ ಇಲ್ಲಿನ ಗೆಳತಿಯರು ಮೂರ್ನಾಲ್ಕು ಜನ ಆಮೇಲೆ ಕೇಳಿದರು, ಹೇಗೆ ತೋರಿಸಿದೆ, ಜಗಳ ಆಗಲಿಲ್ವಾ ಅಂತ. ಆಯಿತು, ಸ್ವಲ್ಪ. ಮಾಡಿದ್ದನ್ನೂ ಕೆಡಿಸಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಟೈಮ್ ನೋಡಿಕೊಳ್ಳಿ

ಶುರುವಿನ ಸಂಗೀತ, ಇಂಟರ್ವಲ್, ಕೊನೆಯ ಸಂಗೀತ ಎಲ್ಲ ಸೇರಿ ಸಿನಿಮಾ 3 ಗಂಟೆ 58 ನಿಮಿಷ ಇದೆ. ಊರಿಂದ ಬಂದ ಮೊದಲ ವಾರ ಬೇಡವೇ ಬೇಡ. ನಿದ್ದೆ ಸರಿಹೋಗಿರುವುದಿಲ್ಲ, ಸಂಜೆ ನಾಲ್ಕಕ್ಕೆ ಕೂತಲ್ಲೇ ತೂಕಡಿಸುತ್ತಾರೆ. ನಾನು ಮೂರನೇ ವಾರ ಇಟ್ಟುಕೊಂಡೆ.

ಒಂದೇ ದಿನ ಮುಗಿಸಬೇಡಿ. ಇಂಟರ್ವಲ್ ಸರಿಯಾದ ಜಾಗದಲ್ಲೇ ಬರುತ್ತದೆ, ಅಲ್ಲಿ ನಿಲ್ಲಿಸಿ. ಮಿಕ್ಕದ್ದು ಮಾರನೇ ದಿನ ನೋಡಿ. ಮಾರನೇ ದಿನವೇ ನೋಡಿ ಅನ್ನುವುದಕ್ಕೆ ಕಾರಣ ಇದೆ. ನಾನು ಆನ್‌ಲೈನಿನಲ್ಲಿ ಬಾಡಿಗೆಗೆ ತೆಗೆದುಕೊಂಡಿದ್ದೆ. ಪ್ಲೇ ಒತ್ತಿದ ಗಳಿಗೆಯಿಂದ 48 ಗಂಟೆ ಅಂತ ಅದರಲ್ಲಿ ಸಣ್ಣಕ್ಷರದಲ್ಲಿ ಇತ್ತಂತೆ. ಶುಕ್ರವಾರ ರಾತ್ರಿ ಅರ್ಧ ನೋಡಿ, ಶನಿವಾರ ಯಾರದೋ ಸತ್ಯನಾರಾಯಣ ಪೂಜೆಗೆ ಹೋಗಿ, ಭಾನುವಾರ ರಾತ್ರಿ ಊಟ ಮುಗಿಸಿ ಕೂತರೆ ಸಿನಿಮಾ ಮಾಯ. “ಇಲ್ಲೂ ಕೊನೇ ಹಾಳೆ ಹರಿದುಹೋಯ್ತಾ?” ಅಂದರು ಅತ್ತೆ. ಆಮೇಲೆ ಲೈಬ್ರರಿಯಿಂದ ಡಿವಿಡಿ ತಂದೆ. ಪುಕ್ಕಟೆ. ಮೊದಲೇ ಹಾಗೆ ಮಾಡಬೇಕಿತ್ತು.

ಇನ್ನೆರಡು ಸಣ್ಣ ವಿಷಯ. ಚಿತ್ರ ಟಿವಿಯ ಪೂರ್ತಿ ಅಗಲಕ್ಕೆ ಬರುವುದಿಲ್ಲ, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಇರುತ್ತದೆ. 1939ರ ಸಿನಿಮಾ ಇದ್ದದ್ದೇ ಹಾಗೆ. ಗಂಡಸರಿಗೆ ಇದನ್ನು ಕಂಡರೆ ಆಗುವುದಿಲ್ಲ, ರಿಮೋಟ್ ತಗೊಂಡು ಝೂಮ್ ಮಾಡುತ್ತಾರೆ. ಮಾಡಿದರೆ ತಲೆಯೂ ಕಾಲೂ ಹೋಗುತ್ತವೆ. ಮುಂದೆ ನಾನು ಹೇಳುವ ವಿಷಯ ಇರುವುದೆಲ್ಲ ಚಿತ್ರದ ಅಂಚಿನಲ್ಲಿ, ಅದಕ್ಕೇ ಬಿಡಬೇಡಿ. ಮತ್ತೆ, ಶುರುವಿಗೆ ಎರಡು ಮೂರು ನಿಮಿಷ ಬರೀ ಸಂಗೀತ. ಟಿವಿ ಕೆಟ್ಟಿಲ್ಲ, ಯಾರೂ ಎದ್ದು ವೈರ್ ಅಲ್ಲಾಡಿಸುವುದು ಬೇಡ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಇಲ್ಲಿನ ದಕ್ಷಿಣದವರ ರಾಗದ ಮಾತು 17 ವರ್ಷ ಇದ್ದ ನನಗೇ ಕೆಲವು ಸಲ ಸಿಗುವುದಿಲ್ಲ.

ಬೆಂಗಳೂರಿನ ಸುದ್ದಿಯಿಂದ ಶುರು ಮಾಡಿ

ನಾನು ಮಾಡಿದ ತಪ್ಪು ಏನೆಂದರೆ, ಮೊದಲ ಸಂಜೆ ಕಾಫಿ ಕೊಡುವಾಗಲೇ ಗುಲಾಮಗಿರಿ, ವರ್ಣಭೇದ ಅಂತ ಪಾಠ ಶುರು ಮಾಡಿದ್ದು. ಅತ್ತೆ ಮುಖ ಗಂಟಾಯಿತು. “ನಾನೂ ಮೂವತ್ತು ವರ್ಷ ಲಿಂಕನ್ ಪಾಠ ಮಾಡಿದ್ದೀನಮ್ಮ” ಅಂದರು. ಸರಿಯೇ.

ಇದರ ಬದಲು ಅವರಿಗೆ ಇಷ್ಟವಾಗುವುದರಿಂದ ಶುರು ಮಾಡಿ. ಸ್ಕಾರ್ಲೆಟ್ ಆದ ವಿವಿಯನ್ ಲೀ ಅಮೆರಿಕದವಳಲ್ಲ. ಹುಟ್ಟಿದ್ದು ನಮ್ಮ ಡಾರ್ಜಿಲಿಂಗಿನಲ್ಲಿ, 1913ರ ನವೆಂಬರ್ 5ರಂದು. ಅಪ್ಪ ಕುದುರೆ ದಳದ ಅಧಿಕಾರಿ, 1917ರಲ್ಲಿ ಬೆಂಗಳೂರಿಗೆ ವರ್ಗ ಆದರು. ಅಮ್ಮ ಮಗಳು ಊಟಿಯಲ್ಲಿದ್ದರು. ಆರು ವರ್ಷಕ್ಕೆ ಹುಡುಗಿಯನ್ನು ಇಂಗ್ಲೆಂಡಿನ ಕಾನ್ವೆಂಟಿಗೆ ಸೇರಿಸಿದರು. ಇಷ್ಟು ಹೇಳಿದ್ದೇ ಅತ್ತೆ ನೆಟ್ಟಗೆ ಕೂತರು. ಸಿನಿಮಾದ ಉದ್ದಕ್ಕೂ “ನಮ್ಮ ಬೆಂಗಳೂರಿನ ಹುಡುಗಿ” ಅಂತಲೇ ಕರೆದರು. ಬೆಂಗಳೂರಿಗೆ ಬಂದದ್ದು ಅವರಪ್ಪ ಅಂತ ತಿದ್ದಲು ಹೋಗಲಿಲ್ಲ ನಾನು.

ಆಮೇಲೆ ತಾರಾ ವಿಷಯ. ಬೇಜಾರಾದರೂ ಮೊದಲೇ ಹೇಳಿಬಿಡಿ: ತಾರಾ ಅಂತ ಮನೆ ಇಲ್ಲ. ಪುಸ್ತಕ ಬರೆದ ಮಾರ್ಗರೆಟ್ ಮಿಚೆಲ್ ಅದನ್ನು ಅಟ್ಲಾಂಟಾದ ದಕ್ಷಿಣಕ್ಕೆ, ಜೋನ್ಸ್‌ಬರೊ ಹತ್ತಿರ ಕಲ್ಪಿಸಿಕೊಂಡರು. ಸಿನಿಮಾದ ತಾರಾ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ನಿಲ್ಲಿಸಿದ ಮುಂಭಾಗ ಅಷ್ಟೆ, ಒಳಗೆ ಕೋಣೆ ಇಲ್ಲ. ನಮ್ಮೂರ ನಾಟಕ ಕಂಪನಿಯ ಪರದೆಗಿಂತ ಸ್ವಲ್ಪ ಗಟ್ಟಿ ಅಂದುಕೊಳ್ಳಿ. 1959ರಲ್ಲಿ ಅದನ್ನೂ ಬಿಚ್ಚಿ ಜಾರ್ಜಿಯಾಕ್ಕೆ ಸಾಗಿಸಿದರು, ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. “ಅಂದ್ರೆ ನಾನು ಐವತ್ತು ವರ್ಷ ನೋಡ್ಬೇಕು ಅಂದ್ಕೊಂಡಿದ್ದು ಹಲಗೆನಾ?” ಅಂದರು ಅತ್ತೆ. ಹೌದು ಅತ್ತೆ, ಹಲಗೆ.

ಮೊದಲ ಪಾಝ್

ಸಿನಿಮಾ ಶುರುವಾದ ಕೂಡಲೇ ಪರದೆಯ ಮೇಲೆ ಅಕ್ಷರ ಬರುತ್ತವೆ. ಹತ್ತಿಯ ಹೊಲ, ವೀರರು, ಸುಂದರಿಯರು, ಒಡೆಯರು, ಗುಲಾಮರು ಎಲ್ಲರೂ ಇದ್ದ ಒಂದು ನಾಡಿತ್ತು, ಈಗದು ಬರೀ ನೆನಪಿನ ಕನಸು ಅನ್ನುವ ಅರ್ಥದ ಸಾಲುಗಳು. ಇಲ್ಲಿ ಪಾಝ್ ಒತ್ತಿ ನಿಲ್ಲಿಸಿ. ಭಾಷಣ ಬೇಡ. ಎರಡು ಲೆಕ್ಕ ಹೇಳಿದರೆ ಸಾಕು. 1860ರಲ್ಲಿ ಜಾರ್ಜಿಯಾದ ಜನ ಸುಮಾರು 10 ಲಕ್ಷ 57 ಸಾವಿರ. ಅವರಲ್ಲಿ 4 ಲಕ್ಷ 62 ಸಾವಿರ ಜನ ಗುಲಾಮರು. ನೂರಕ್ಕೆ 44. ಈ ಕನಸು ಯಾರದು ಅಂತ ಅತ್ತೆಯೇ ಕೇಳಿದರು, ನಾನಲ್ಲ. ಸಮಾಜದ ಮೇಷ್ಟ್ರಿಗೆ ಅಂಕಿ ಕೊಟ್ಟರೆ ಸಾಕು, ಮಿಕ್ಕದ್ದು ಅವರೇ ಮಾಡಿಕೊಳ್ಳುತ್ತಾರೆ.

ಇನ್ನೊಂದು ಹೇಳಿ. ಮಿಚೆಲ್ ಹುಟ್ಟಿದ್ದು 1900ರಲ್ಲಿ, ಅಂದರೆ ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಮುಗಿದು 35 ವರ್ಷ ಆದಮೇಲೆ. ಚಿಕ್ಕವಳಿದ್ದಾಗ ಮುದುಕ ಸೈನಿಕರ ತೊಡೆ ಮೇಲೆ ಕೂತು ಕಥೆ ಕೇಳಿ ಬೆಳೆದಳು. ದಕ್ಷಿಣದವರು ಯುದ್ಧ ಸೋತಿದ್ದಾರೆ ಅನ್ನುವುದೇ ಹತ್ತು ವರ್ಷದವರೆಗೆ ತನಗೆ ಗೊತ್ತಿರಲಿಲ್ಲ ಅಂತ ಆಕೆಯೇ ಹೇಳಿಕೊಂಡಿದ್ದಳು. ಸೋತವರು ಮೊಮ್ಮಕ್ಕಳಿಗೆ ಹೇಳಿದ ಕಥೆ ಇದು. ಹಾಗಂತ ತಿಳಿದುಕೊಂಡು ನೋಡಿದರೆ ಸಿನಿಮಾದ ಬಣ್ಣ, ಆ ಕೆಂಪು ಆಕಾಶ ಎಲ್ಲ ಬೇರೆ ಥರ ಕಾಣುತ್ತದೆ.

ಇನ್ನು ಕಣ್ಣು ಅಂಚಿಗೆ ಹಾಕಿ

ಈ ಇಡೀ ಬರಹದಲ್ಲಿ ನಾನು ನಿಮಗೆ ಕೊಡುವ ಉಪಾಯ ಒಂದೇ. ಪ್ರತಿ ದೃಶ್ಯದಲ್ಲೂ ಬಾಗಿಲು ತೆಗೆಯುವವರು, ಟ್ರೇ ಹಿಡಿದವರು, ಹಿಂದೆ ನಿಂತವರು ಯಾರು ನೋಡಿ. ಸ್ಕಾರ್ಲೆಟ್‌ಳನ್ನು ನೋಡಿ ಅಂತ ಯಾರೂ ಹೇಳಬೇಕಿಲ್ಲ. ಕ್ಯಾಮೆರಾ ಅವಳನ್ನು ಬಿಟ್ಟು ಕದಲುವುದೇ ಇಲ್ಲ.

ಸೊಂಟ ಸಣ್ಣಗೆ ಕಾಣಲು ಬಿಗಿಯುವ ಕಾರ್ಸೆಟ್ ಕಟ್ಟುವ ದೃಶ್ಯ ಬರುತ್ತದೆ. ಸ್ಕಾರ್ಲೆಟ್ ಮಂಚದ ಕಂಬ ಹಿಡಿದು ಉಸಿರು ಬಿಗಿಹಿಡಿದಿದ್ದಾಳೆ, ಅವಳನ್ನು ನೋಡಿಕೊಳ್ಳುವ ಕಪ್ಪು ಗುಲಾಮಳು ಮ್ಯಾಮಿ ಹಿಂದಿನಿಂದ ದಾರ ಎಳೆಯುತ್ತಿದ್ದಾಳೆ. ಎಳೆಯುತ್ತಲೇ ಬೈಯುತ್ತಾಳೆ: ಔತಣಕ್ಕೆ ಹೋಗುವ ಮೊದಲೇ ಮನೆಯಲ್ಲಿ ತಿಂದು ಹೋಗು, ಗಂಡಸರ ಎದುರಿಗೆ ಗಬಗಬ ತಿನ್ನಬೇಡ. ಅತ್ತೆ ಜೋರಾಗಿ ನಕ್ಕರು. “ನನ್ನ ನೋಡೋಕೆ ಬಂದಾಗ ನಮ್ಮಮ್ಮನೂ ಇದೇ ಹೇಳಿದ್ಲು. ಒಳಗೆ ನಾಲ್ಕು ಇಡ್ಲಿ ತಿನ್ನಿಸಿ ಹೊರಗೆ ಕಳಿಸಿದ್ಲು.” ಸಿರಿಯೂ ನಕ್ಕಳು. ನಗು ಬರುತ್ತದೆ, ತಡೆಯಬೇಡಿ. ಮ್ಯಾಮಿ ಪಾತ್ರವನ್ನು ಹ್ಯಾಟಿ ಮೆಕ್‌ಡೇನಿಯಲ್ ಅಷ್ಟು ಚೆನ್ನಾಗಿ ಮಾಡಿದ್ದಾರೆ. ಹುಬ್ಬು ಒಂದು ಎತ್ತಿದರೆ ಸ್ಕಾರ್ಲೆಟ್ ಚಿಕ್ಕವಳಾಗಿಬಿಡುತ್ತಾಳೆ.

ನಕ್ಕಾದ ಮೇಲೆ ಸಿರಿ ಕೇಳಿದಳು, “ಅಜ್ಜಿ, ಮ್ಯಾಮಿ ಹೆಸರೇನು?”

“ಮ್ಯಾಮಿನೇ ಅಲ್ವಾ?”

“ಅದು ಹೆಸರಲ್ಲ. ಆಯಾ ಅಂದಹಾಗೆ.”

ಅತ್ತೆ ಆಗ ಏನೂ ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವರು ಇದ್ದಕ್ಕಿದ್ದ ಹಾಗೆ, “ನಿನ್ನ ಗಂಡ ಹುಟ್ಟಿದಾಗ ಮೂರು ತಿಂಗಳು ನೀರು ಹಾಕಿದ್ಲಲ್ಲ, ಅವಳನ್ನ ಎಲ್ಲರೂ ಸೂಲಗಿತ್ತಿ ಅಂತಲೇ ಕರೀತಿದ್ವಿ” ಅಂದರು. ನಾನು ಹುರುಳಿಕಾಯಿ ಮುರಿಯುತ್ತಾ ಕೂತೆ.

ಅದಾದ ಮೇಲೆ ಟ್ವೆಲ್ವ್ ಓಕ್ಸ್ ಅನ್ನುವ ದೊಡ್ಡ ಮನೆಯ ಔತಣ. ಮಧ್ಯಾಹ್ನ ಹುಡುಗಿಯರೆಲ್ಲ ಗೌನು ಬಿಚ್ಚಿಟ್ಟು ಸಾಲಾಗಿ ಮಲಗಿದ್ದಾರೆ. ಸ್ಕಾರ್ಲೆಟ್ ಬೆಕ್ಕಿನ ಹೆಜ್ಜೆ ಇಟ್ಟು ಹೊರಗೆ ಹೋಗುತ್ತಾಳೆ, ತಾನು ಮನಸ್ಸು ಕೊಟ್ಟ ಆಶ್ಲಿಯನ್ನು ನೋಡಲು. ನಾವೆಲ್ಲ ಅವಳ ಹಿಂದೆಯೇ ಹೋಗಿಬಿಡುತ್ತೇವೆ. ಇಲ್ಲಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ಹಾಕಿ. ಮಲಗಿದವರ ಪಕ್ಕ ಪುಟ್ಟ ಕಪ್ಪು ಹುಡುಗಿಯರು ನವಿಲುಗರಿಯ ದೊಡ್ಡ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಾರೆ. ಕೆಲವೇ ಸೆಕೆಂಡು. ಮಾತಿಲ್ಲ, ಹೆಸರಿಲ್ಲ. ಅವರೂ ಮಕ್ಕಳೇ, ಅವರಿಗೂ ಮಧ್ಯಾಹ್ನ ನಿದ್ದೆ ಬರುತ್ತದೆ. ನಾನು ಈ ಸಿನಿಮಾ ಮೂರು ಸಲ ನೋಡಿದ್ದೆ. ಆ ಹುಡುಗಿಯರು ಕಣ್ಣಿಗೆ ಬಿದ್ದದ್ದು ನಾಲ್ಕನೇ ಸಲ, ಅದೂ ಸಿರಿ ತೋರಿಸಿದಾಗ.

ಪ್ರಿಸ್ಸಿಗೆ ಕಪಾಳಕ್ಕೆ ಹೊಡೆಯುವಾಗ

ಹೆರಿಗೆ ಮಾಡಿಸುವುದು ಗೊತ್ತು ಅಂತ ಸುಳ್ಳು ಹೇಳಿದ ಗುಲಾಮ ಹುಡುಗಿ ಪ್ರಿಸ್ಸಿಗೆ ಸ್ಕಾರ್ಲೆಟ್ ಹೊಡೆಯುತ್ತಾಳೆ. ಹಳೇ ಕಾಲದ ಥಿಯೇಟರಿನಲ್ಲಿ ಜನ ನಗುತ್ತಿದ್ದ ಜಾಗ ಇದು. ಪ್ರಿಸ್ಸಿಯನ್ನು ದಡ್ಡಿ, ಕೀರಲು ದನಿಯವಳು ಅಂತಲೇ ಬರೆದಿದ್ದಾರೆ. ಈ ಪಾತ್ರ ಮಾಡಿದ ಬಟರ್‌ಫ್ಲೈ ಮೆಕ್‌ಕ್ವೀನ್ ನಿಜವಾಗಿ ಹೊಡೆಸಿಕೊಳ್ಳಲು ಒಪ್ಪಲಿಲ್ಲ, ಕಲ್ಲಂಗಡಿ ತಿನ್ನುವ ದೃಶ್ಯವನ್ನೂ ಮಾಡುವುದಿಲ್ಲ ಅಂದರು. ಕಪ್ಪು ಜನರನ್ನು ಕಲ್ಲಂಗಡಿ ಜೊತೆ ಸೇರಿಸಿ ಆಡಿಕೊಳ್ಳುವುದು ಇಲ್ಲಿ ಹಳೇ ಚಾಳಿ. ಆಮೇಲೆ ಮನೆಗೆಲಸದವಳ ಪಾತ್ರವೇ ಸಾಕು ಅಂತ ಬಿಟ್ಟರು, ಹಾಗಾಗಿ ಅವಕಾಶವೂ ನಿಂತಿತು. 1975ರಲ್ಲಿ, 64ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಸಿಟಿ ಕಾಲೇಜಿನಿಂದ ರಾಜ್ಯಶಾಸ್ತ್ರದಲ್ಲಿ ಡಿಗ್ರಿ ತಗೊಂಡರು. ಇದನ್ನು ಹೊಡೆಯುವ ದೃಶ್ಯಕ್ಕೆ ಮೊದಲೇ ಹೇಳಿಬಿಡಿ. ನಮ್ಮನೆಯಲ್ಲಿ ಯಾರೂ ನಗಲಿಲ್ಲ.

ಅಟ್ಲಾಂಟಾ ಉರಿಯುವ ದೃಶ್ಯವನ್ನು ಮಾತ್ರ ಸುಮ್ನೆ ನೋಡಿ, ಲೈಟ್ ಆರಿಸಿ. 1938ರ ಡಿಸೆಂಬರ್ 10ರಂದು ಮೊಟ್ಟಮೊದಲು ತೆಗೆದದ್ದೇ ಇದನ್ನು. ಸ್ಟುಡಿಯೋದಲ್ಲಿ ಬಿದ್ದಿದ್ದ ಹಳೇ ಸೆಟ್ಟುಗಳಿಗೆ ಬೆಂಕಿ ಇಟ್ಟರು. ಕಿಂಗ್ ಕಾಂಗ್ ಸಿನಿಮಾದ ದೊಡ್ಡ ಗೋಡೆಯೂ ಅದರಲ್ಲಿ ಉರಿದುಹೋಯಿತು. ಅಷ್ಟೊತ್ತಿಗೆ ಸ್ಕಾರ್ಲೆಟ್ ಯಾರು ಅಂತಲೇ ತೀರ್ಮಾನ ಆಗಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್‌ಗೆ ಅವರ ಅಣ್ಣ ವಿವಿಯನ್ ಲೀಯನ್ನು ಪರಿಚಯ ಮಾಡಿಸಿದ್ದು ಆ ಬೆಂಕಿಯ ಬೆಳಕಿನಲ್ಲೇ. ಮತ್ತೆ, ನೀವು ನೋಡುತ್ತಿರುವ ಬೆಂಕಿ ಉತ್ತರದ ಜನರಲ್ ಶರ್ಮನ್ ಹಚ್ಚಿದ್ದಲ್ಲ. 1864ರ ಸೆಪ್ಟೆಂಬರ್ 1ರ ರಾತ್ರಿ ದಕ್ಷಿಣದ ಸೈನ್ಯ ಓಡಿಹೋಗುವಾಗ ತನ್ನ ಮದ್ದುಗುಂಡನ್ನು ತಾನೇ ಸಿಡಿಸಿತು, ಅದು. ಶರ್ಮನ್ ಬೆಂಕಿ ನವೆಂಬರಿನದು. ಅತ್ತೆ ಇದನ್ನು ಡೈರಿಯಲ್ಲಿ ಬರೆದುಕೊಂಡರು.

ರೈಲ್ವೆ ಅಂಗಳದ ದೃಶ್ಯವೂ ಹಾಗೆ, ಉಸಿರು ನಿಲ್ಲುತ್ತದೆ. ಕ್ಯಾಮೆರಾ ಕ್ರೇನ್ ಮೇಲೆ ಏರುತ್ತಾ ಹೋದ ಹಾಗೆ ನೆಲದ ಮೇಲೆ ಗಾಯಾಳುಗಳು, ಇನ್ನೂ ಗಾಯಾಳುಗಳು. ಅದರಲ್ಲಿ ಎಷ್ಟೋ ಬೊಂಬೆಗಳು, ಪಕ್ಕದಲ್ಲಿ ಮಲಗಿದ ನಟ ಬೊಂಬೆಯ ಕೈ ಅಲ್ಲಾಡಿಸುತ್ತಿದ್ದ. ಕೊನೆಗೆ ಕ್ಯಾಮೆರಾ ನಿಲ್ಲುವುದು ಹರಿದ ಬಾವುಟದ ಹತ್ತಿರ. ಅದು ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದವರ ಬಾವುಟ. ಕಣ್ಣಲ್ಲಿ ನೀರು ಬಂದಿರುವಾಗ ಅದನ್ನು ತೋರಿಸುತ್ತಾರೆ. ಇದಕ್ಕೇ ಇದು ಬುದ್ಧಿವಂತ ಸಿನಿಮಾ, ಇದಕ್ಕೇ ಹುಷಾರಾಗಿ ನೋಡಬೇಕು.

ಇಂಟರ್ವಲ್ಲಿನಲ್ಲಿ

ಸ್ಕಾರ್ಲೆಟ್ ಹಾಳುಬಿದ್ದ ಹೊಲದಲ್ಲಿ ಗೆಡ್ಡೆ ಕಿತ್ತು ತಿಂದು, ಇನ್ನೆಂದೂ ಹಸಿದಿರುವುದಿಲ್ಲ ಅಂತ ಶಪಥ ಮಾಡಿದ ಕೂಡಲೇ ಇಂಟರ್ವಲ್. ಒಗ್ಗರಣೆ ಮಂಡಕ್ಕಿ ಮಾಡಿಟ್ಟುಕೊಳ್ಳಿ, ಜನಕ್ಕೆ ಹಸಿವಾಗಿರುತ್ತದೆ.

2020ರ ಜೂನಿನಲ್ಲಿ ಆನ್‌ಲೈನಿನಲ್ಲಿ ಸಿನಿಮಾ ತೋರಿಸುವ ಎಚ್‌ಬಿಒ ಮ್ಯಾಕ್ಸ್ ಈ ಸಿನಿಮಾವನ್ನು ತನ್ನ ಪಟ್ಟಿಯಿಂದ ತೆಗೆದು, ಸುಮಾರು ಎರಡು ವಾರ ಬಿಟ್ಟು ಮತ್ತೆ ಹಾಕಿತು. ಆಗ ಶುರುವಿಗೆ ಜಾಕ್ವೆಲಿನ್ ಸ್ಟೂವರ್ಟ್ ಅನ್ನುವ ಚಲನಚಿತ್ರ ಪ್ರೊಫೆಸರ್ ಅವರ ನಾಲ್ಕೂವರೆ ನಿಮಿಷದ ಮಾತು ಸೇರಿಸಿದರು. ಚೆನ್ನಾಗಿ ಮಾತಾಡಿದ್ದಾರೆ. ಅದನ್ನು ಹುಡುಕಿ ತೋರಿಸಿ, ಆದರೆ ಶುರುವಿಗೆ ಬೇಡ, ಇಂಟರ್ವಲ್ಲಿನಲ್ಲಿ. ಶುರುವಿಗೆ ಕೇಳಿದರೆ ಉಪದೇಶ ಅನ್ನಿಸುತ್ತದೆ. ಅರ್ಧ ಸಿನಿಮಾ ನೋಡಿದ ಮೇಲೆ ನಮಗೇ ಕೇಳಬೇಕಿದ್ದ ಪ್ರಶ್ನೆಗೆ ಉತ್ತರದ ಹಾಗಿರುತ್ತದೆ. ತೆಗೆದದ್ದು ಸರಿಯಾ ತಪ್ಪಾ ಅಂತ ಅತ್ತೆಗೂ ಸಿರಿಗೂ ಜಗಳ ಆದದ್ದು ಇಲ್ಲೇ. ಸಿರಿ ಅಂದಳು, ಇದನ್ನು ನೋಡಿ ಜನ ನಿಜ ಅಂತ ನಂಬುತ್ತಾರೆ. ಅತ್ತೆ ಅಂದರು, ತೆಗೆದುಬಿಟ್ಟರೆ ಜನ ಏನನ್ನು ನಂಬಿದ್ದರು ಅಂತ ಹೇಗೆ ಗೊತ್ತಾಗುತ್ತೆ? ಮಂಡಕ್ಕಿ ಖಾಲಿಯಾಯಿತು, ಜಗಳ ಮುಗಿಯಲಿಲ್ಲ.

ಎರಡನೇ ದಿನ: ಮಕ್ಕಳಿದ್ದರೆ ಮೊದಲೇ ಮಾತಾಡಿ

ಎರಡನೇ ಅರ್ಧದಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಸ್ಕಾರ್ಲೆಟ್‌ಳ ಮೂರನೇ ಗಂಡ ರೆಟ್ ಕುಡಿದು ಅವಳನ್ನು ಎತ್ತಿಕೊಂಡು ಕೆಂಪು ಮೆಟ್ಟಿಲು ಹತ್ತುವ ದೃಶ್ಯ. ಅವಳು ಬೇಡ ಅಂತ ಒದ್ದಾಡುತ್ತಿದ್ದಾಳೆ. ಮಾರನೇ ಬೆಳಗ್ಗೆ ನಗುತ್ತಾ ಏಳುತ್ತಾಳೆ, ಖುಷಿಯಾಗಿದ್ದಾಳೆ ಅನ್ನುವ ಹಾಗೆ. ಸಿನಿಮಾ ಇದನ್ನು ಪ್ರೇಮ ಅಂತ ಮಾರುತ್ತದೆ. ಹದಿಹರೆಯದ ಮಕ್ಕಳ ಜೊತೆ ಕೂತಿದ್ದರೆ ಫಾಸ್ಟ್ ಫಾರ್ವರ್ಡ್ ಮಾಡಬೇಡಿ. ಮೊದಲೇ, ಕಾಫಿ ಕುಡಿಯುವಾಗ, ನೇರವಾಗಿ ಹೇಳಿ: ಇದು ಬಲಾತ್ಕಾರ, ಗಂಡನಾದರೂ. ನನಗೆ ಹೇಳಲು ಗಂಟಲು ಕಟ್ಟಿತು. ಅಚ್ಚರಿ ಅಂದರೆ ಅತ್ತೆಯೇ ಆ ಮಾತು ಮುಗಿಸಿಕೊಟ್ಟರು.

ಎರಡು, ಇದಕ್ಕಿಂತ ಮೊದಲು ಬರುವುದು, ಗುಡಿಸಲುಗಳ ಹತ್ತಿರ ಸ್ಕಾರ್ಲೆಟ್ ಗಾಡಿಯ ಮೇಲೆ ದಾಳಿ ಆಗುತ್ತದೆ. ಅವಳನ್ನು ಕಾಪಾಡುವುದು ಬಿಗ್ ಸ್ಯಾಮ್, ತಾರಾದ ಹಳೇ ಗುಲಾಮ. ಆ ರಾತ್ರಿ ಅವಳ ಆಗಿನ ಗಂಡ ಫ್ರ್ಯಾಂಕ್, ಆಶ್ಲಿ ಎಲ್ಲ ‘ರಾಜಕೀಯ ಸಭೆ’ಗೆ ಹೋಗುತ್ತಾರೆ. ಮನೆಯಲ್ಲಿ ಹೆಂಗಸರು ಹೊಲಿಗೆ ಹಾಕುತ್ತಾ ಕಾಯುತ್ತಾರೆ. ಯಾವ ಸಭೆ? ಸಿನಿಮಾ ಹೇಳುವುದಿಲ್ಲ. ಪುಸ್ತಕದಲ್ಲಿ ಅದು ಕು ಕ್ಲಕ್ಸ್ ಕ್ಲಾನ್, ಮುಸುಕು ಹಾಕಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಗುಂಪು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ವಾಲ್ಟರ್ ವೈಟ್ ಸೆಲ್ಜ್‌ನಿಕ್‌ಗೆ ಪತ್ರ ಬರೆದು ಒತ್ತಾಯ ಮಾಡಿದ್ದರು. ಕಪ್ಪು ಪತ್ರಿಕೆಗಳೂ ಗಲಾಟೆ ಮಾಡಿದವು. ಆಮೇಲೆ ಕ್ಲಾನ್ ಹೆಸರನ್ನೂ ಕಪ್ಪು ಜನರನ್ನು ಬೈಯುವ ಆ ಕೆಟ್ಟ ಪದವನ್ನೂ ಸ್ಕ್ರಿಪ್ಟಿನಿಂದ ತೆಗೆದರು. ಒಳ್ಳೆಯದೇ ಆಯಿತು ಅನ್ನಿ. ಆದರೆ ಹೆಸರು ಹೋಯಿತು, ಆ ಗಂಡಸರು ಮಾತ್ರ ವೀರರಾಗಿಯೇ ಉಳಿದರು.

“ಅಜ್ಜಿ, ನೀವು ಪುಸ್ತಕದಲ್ಲಿ ಇದನ್ನ ಓದಿದ್ರಲ್ಲ, ಆಗ ಏನನ್ನಿಸ್ತು?” ಅಂತ ಸಿರಿ ಕೇಳಿದಳು.

ಅತ್ತೆ ತುಂಬಾ ಹೊತ್ತು ಯೋಚನೆ ಮಾಡಿದರು. “ಆಶ್ಲಿಗೆ ಏಟು ಬಿತ್ತಲ್ಲ ಅಂತ ಅತ್ತಿದ್ದೆ” ಅಂದರು.

ಕೊನೆಯ ಕಡೆಗೆ ಮ್ಯಾಮಿ ಮತ್ತು ಆಶ್ಲಿಯ ಹೆಂಡತಿ ಮೆಲನಿ ಮೆಟ್ಟಿಲು ಹತ್ತುವ ದೃಶ್ಯ. ಸ್ಕಾರ್ಲೆಟ್ ಮತ್ತು ರೆಟ್‌ನ ಮಗು ಸತ್ತಿದೆ. ಮನೆಯೊಳಗೆ ಏನೇನಾಯಿತು ಅಂತ ಮ್ಯಾಮಿ ಹತ್ತುತ್ತಾ ಹತ್ತುತ್ತಾ ಹೇಳುತ್ತಾಳೆ, ಅಳು ತಡೆದುಕೊಂಡು. ಇಲ್ಲಿ ಕ್ಯಾಮೆರಾ ಕೊನೆಗೂ ಅವಳ ಮುಖ ನೋಡುತ್ತದೆ. ಈ ಪಾತ್ರಕ್ಕೆ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು, ಕಪ್ಪು ಕಲಾವಿದರೊಬ್ಬರಿಗೆ ಬಂದ ಮೊದಲ ಆಸ್ಕರ್. 1940ರ ಫೆಬ್ರವರಿ 29, ಲಾಸ್ ಏಂಜಲಿಸಿನ ಅಂಬಾಸಡರ್ ಹೋಟೆಲು. ಆ ಹೋಟೆಲಿಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ಸೆಲ್ಜ್‌ನಿಕ್ ಹೇಳಿಸಿ ಒಳಗೆ ಬಿಡಿಸಬೇಕಾಯಿತು. ಜೊತೆಯ ನಟರು ಒಂದು ಕಡೆ ಕೂತಿದ್ದರೆ ಇವರಿಗೆ ಗೋಡೆ ಪಕ್ಕ ಒಂದು ಸಣ್ಣ ಟೇಬಲ್. ಇವರ ತಂದೆ ಗುಲಾಮರಾಗಿ ಹುಟ್ಟಿ, ಉತ್ತರದ ಸೈನ್ಯದಲ್ಲಿ ಯುದ್ಧ ಮಾಡಿದವರು. ಮಗಳು ದಕ್ಷಿಣದವರ ಮನೆಯ ಗುಲಾಮಳಾಗಿ ನಟಿಸಿ ಪ್ರಶಸ್ತಿ ತಗೊಂಡಳು. 1952ರಲ್ಲಿ ತೀರಿಕೊಂಡಾಗ ತಾನು ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ಅದು ಬಿಳಿಯರದು. ಪ್ರಶಸ್ತಿ ಫಲಕವನ್ನು ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದರು, ಅದು ಕಳೆದುಹೋಯಿತು. 2023ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಹೊಸದು ಮಾಡಿಸಿ ಕೊಟ್ಟಿತು.

ಆಮೇಲೆ ಊರು ಸುತ್ತಿಸಿ

ಅಟ್ಲಾಂಟಾದಲ್ಲಿ ಇರುವವರಿಗೆ ಇದು. ಒಂದು ದಿನ ಸಾಕು. ಬುತ್ತಿ ಕಟ್ಟಿಕೊಳ್ಳಿ, ನಾನು ಚಿತ್ರಾನ್ನ ತಗೊಂಡಿದ್ದೆ.

ಮೊದಲು ಪೀಚ್‌ಟ್ರೀ ಬೀದಿಯಲ್ಲಿ ಮಿಚೆಲ್ ಇದ್ದ ಮನೆ, ಈಗ ಮ್ಯೂಸಿಯಂ. ಕೆಳಗಿನ ಒಂದನೇ ನಂಬರ್ ಮನೆಯಲ್ಲಿ ಪುಸ್ತಕದ ಹೆಚ್ಚಿನ ಭಾಗ ಬರೆದರು. ಎಷ್ಟು ಇಕ್ಕಟ್ಟು ಅಂದರೆ ಆಕೆಯೇ ಅದನ್ನು ‘ಕಸದಗುಂಡಿ’ ಅನ್ನುತ್ತಿದ್ದರು. ಹೋಗುವ ಮೊದಲು ಟೈಮಿಂಗ್ ನೋಡಿಕೊಳ್ಳಿ. ಅಲ್ಲಿಂದ ಪೇಟೆ ಕಡೆಗೆ ಹೋದರೆ ಲೋಸ್ ಗ್ರ್ಯಾಂಡ್ ಥಿಯೇಟರ್ ಇದ್ದ ಜಾಗ. 1939ರ ಡಿಸೆಂಬರ್ 15ರಂದು ಸಿನಿಮಾದ ಪ್ರೀಮಿಯರ್ ಆದದ್ದು ಅಲ್ಲೇ. ಸರ್ಕಾರಿ ರಜೆ ಬೇರೆ ಕೊಟ್ಟಿದ್ದರು. ಬೀದಿ ತುಂಬಾ ಜನ. ಮೆಕ್‌ಡೇನಿಯಲ್, ಮೆಕ್‌ಕ್ವೀನ್ ಇಬ್ಬರೂ ಇರಲಿಲ್ಲ. ಜಾರ್ಜಿಯಾದ ಕಾನೂನಿನಲ್ಲಿ ಅವರು ಬಿಳಿಯರ ಜೊತೆ ಕೂರುವ ಹಾಗಿರಲಿಲ್ಲ. ಥಿಯೇಟರ್ 1978ರಲ್ಲಿ ಸುಟ್ಟುಹೋಯಿತು, ಈಗ ಅಲ್ಲಿ ದೊಡ್ಡ ಆಫೀಸ್ ಕಟ್ಟಡ. ನೋಡಲು ಏನೂ ಇಲ್ಲ, ಕಾರಿನಿಂದ ತೋರಿಸಿ ಮುಂದೆ ಹೋಗಿ.

ಅಲ್ಲಿಂದ ಹತ್ತಿರವೇ ಆಬರ್ನ್ ಅವೆನ್ಯೂ. ಎಬೆನೀಜರ್ ಚರ್ಚು, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಎಲ್ಲ ಒಂದೇ ಬೀದಿಯಲ್ಲಿವೆ. ಇದನ್ನು ಸಿನಿಮಾ ಸುತ್ತಾಟದಿಂದ ಬಿಡಬೇಡಿ. ಸಿನಿಮಾ ಬಿಡುಗಡೆಯ ಹಿಂದಿನ ರಾತ್ರಿ ಊರಿನ ದೊಡ್ಡಮನುಷ್ಯರ ನೃತ್ಯಕೂಟದಲ್ಲಿ ಈ ಚರ್ಚಿನ ಹಾಡುಗಾರರು ಗುಲಾಮರ ವೇಷ ಹಾಕಿಕೊಂಡು ಹಾಡಿದ್ದರು. ಅವರಲ್ಲಿ ಹತ್ತು ವರ್ಷದ ಕಿಂಗ್ ಕೂಡ ಇದ್ದ. ಅತ್ತೆ ಚರ್ಚಿನ ಬೆಂಚಿನ ಮೇಲೆ ಕೂತು, ಹತ್ತು ವರ್ಷ ಅಂದರೆ ಐದನೇ ಕ್ಲಾಸ್ ಅಲ್ವಾ ಅಂತ ಲೆಕ್ಕ ಹಾಕಿದರು.

ಕೊನೆಗೆ ಓಕ್‌ಲ್ಯಾಂಡ್ ಸ್ಮಶಾನ. ಮರಗಳಿವೆ, ನೆರಳಿದೆ, ಮಂಡಿನೋವಿನವರಿಗೆ ಸ್ವಲ್ಪ ಏರು ಇಳಿವು ಜಾಸ್ತಿ. ಮಿಚೆಲ್ ಸಮಾಧಿ ಅಲ್ಲೇ ಇದೆ, ಗಂಡನ ಮನೆಯ ಮಾರ್ಶ್ ಹೆಸರಿನಲ್ಲಿ. 1949ರಲ್ಲಿ ಪೀಚ್‌ಟ್ರೀ ಬೀದಿ ದಾಟುವಾಗ ಕಾರು ಹೊಡೆದು ತೀರಿಕೊಂಡರು. ಆಕೆಯ ಬಗ್ಗೆ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿ. ಮೋರ್‌ಹೌಸ್ ಕಾಲೇಜಿನ ಕಪ್ಪು ಹುಡುಗರು ಡಾಕ್ಟರಿಕೆ ಓದಲು ಆಕೆ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು. ಸಿರಿಗೆ ಇದು ಇಷ್ಟವಾಗಲಿಲ್ಲ. “ಪುಸ್ತಕ ಅದೇ ತಾನೇ ಇರೋದು?” ಅಂದಳು. ಅದೂ ಸರಿ. ಅದೇ ಸ್ಮಶಾನದಲ್ಲಿ ಗುಲಾಮರನ್ನು ಹೂಳುತ್ತಿದ್ದ ಜಾಗವನ್ನು 1877ರಲ್ಲಿ ಅಗೆದು, ಬಿಳಿಯರಿಗೆ ಜಾಗ ಮಾಡಿಕೊಟ್ಟು, ಅವರನ್ನು ಕಪ್ಪು ಜನರ ಕಡೆಗೆ ಸಾಗಿಸಿದರು. ಆ ಕಡೆ ಹೋದರೆ ಹುಲ್ಲೇ ಜಾಸ್ತಿ, ಕಲ್ಲು ಕಡಿಮೆ.

ಮಕ್ಕಳಿಗೆ ಬೋರ್ ಆಗಿದ್ದರೆ ಇನ್ನೊಂದು ದಿನ ಅಟ್ಲಾಂಟಾ ಹಿಸ್ಟರಿ ಸೆಂಟರಿನ ಸೈಕ್ಲೋರಾಮಾ ತೋರಿಸಿ. ಅಟ್ಲಾಂಟಾ ಯುದ್ಧದ ದುಂಡನೆಯ ದೈತ್ಯ ಚಿತ್ರ ಅದು, ಮುಂದೆ ಗಾರೆ ಬೊಂಬೆಗಳನ್ನು ಜೋಡಿಸಿದ್ದಾರೆ. ಸತ್ತು ಬಿದ್ದ ಸೈನಿಕರಲ್ಲಿ ಒಬ್ಬನಿಗೆ ರೆಟ್ ಪಾತ್ರ ಮಾಡಿದ ಕ್ಲಾರ್ಕ್ ಗೇಬಲ್ ಮುಖ ಇದೆ. ಯಾರು ಮೊದಲು ಹುಡುಕುತ್ತಾರೆ ಅಂತ ಐಸ್‌ಕ್ರೀಮ್ ಪಂದ್ಯ ಕಟ್ಟಿ.

ಕೊನೆ ವಿಷಯ ಹೇಳಲೇ ಇಲ್ಲ. ರೆಟ್ ಬಿಟ್ಟುಹೋಗುತ್ತಾನೆ. ಸ್ಕಾರ್ಲೆಟ್ ಮೆಟ್ಟಿಲ ಮೇಲೆ ಕೂತು ಅಳುತ್ತಾಳೆ, ನಾಳೆ ನೋಡಿಕೊಳ್ಳೋಣ ಅನ್ನುತ್ತಾಳೆ. ಸಂಗೀತ ಜೋರಾಯಿತು, ಪರದೆ ಕಪ್ಪಾಯಿತು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇಷ್ಟಕ್ಕಾ?” ಅಂದರು.

ಆ ರಾತ್ರಿಯೇ ಮೈಸೂರಿನ ಗೆಳತಿಗೆ ಫೋನ್ ಮಾಡಿದರು. ಅದೇ ಹಾಸ್ಟೆಲಿನವರು, ಅದೇ ಹರಿದ ಪುಸ್ತಕ ಓದಿದವರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

“ಕೊನೇಲಿ ಏನಾಗತ್ತೇ?” ಅಂದರು ಆ ಕಡೆಯಿಂದ.

“ಅವನು ಹೊರಟುಹೋಗ್ತಾನೆ ಕಣೇ. ಅದಿರಲಿ. ಔತಣದ ದಿನ ಮಧ್ಯಾಹ್ನ ಹುಡುಗೀರೆಲ್ಲ ಮಲಗಿರ್ತಾರೆ ನೋಡು, ಜ್ಞಾಪಕ ಇದೆಯಾ? ಅಲ್ಲಿ ಗಾಳಿ ಹಾಕ್ತಿದ್ದೋರು ಯಾರು ಹೇಳು?”

“ಗಾಳಿನಾ? ಯಾರು ಹಾಕ್ತಿದ್ರು?”

“ಅದೇ,” ಅಂದರು ಅತ್ತೆ. “ನನಗೂ ಜ್ಞಾಪಕ ಇರ್ಲಿಲ್ಲ.”